ಸಾಸಿವೆಗಿಂತ ಸಣ್ಣ ಬಸವನಹುಳು, ಫ್ಯಾನ್ ಬಂದ್ ಮಾಡಿದ ಕೋಣೆ

ಕಲಬುರಗಿಯ ಏಪ್ರಿಲ್ ತಿಂಗಳು. ಹೊರಗೆ 42 ಡಿಗ್ರಿ. ನಾನು ಫ್ಯಾನ್ ಬಂದ್ ಮಾಡಿ, ಕಿಟಕಿ ಮುಚ್ಚಿ, ಬಾಗಿಲಿಗೆ ಚಿಲಕ ಹಾಕಿ ಕೂತಿದ್ದೇನೆ. ಕೂಲರ್ ಕೂಡ ಹಚ್ಚುವ ಹಾಗಿಲ್ಲ. ಬೆವರಿನ ಹನಿ ಮೂಗಿನ ತುದಿಗೆ ಬಂದರೆ ಮೊದಲು ಮೈಕ್ರೊಸ್ಕೋಪಿನಿಂದ ಹಿಂದೆ ಸರಿದು, ಆಮೇಲೆ ಒರೆಸಿಕೊಳ್ಳಬೇಕು. ಯಾಕೆಂದರೆ ಎದುರಿಗೆ ಇರುವುದು ಹೊಸ ಜಾತಿ ಅಂತ ನಾವು ಹೆಸರಿಡಲು ಹೊರಟ ಬಸವನಹುಳು, ಅದರ ಚಿಪ್ಪಿನ ಎತ್ತರ ಒಂದೂವರೆ ಮಿಲಿಮೀಟರ್ ಚಿಲ್ಲರೆ. ಸಾಸಿವೆ ಕಾಳಿಗಿಂತ ಒಂದು ಕೈ ಕಡಿಮೆಯೇ. ಫ್ಯಾನಿನ ಗಾಳಿ ಹೋಗಲಿ, ಜೋರಾಗಿ ಉಸಿರು ಬಿಟ್ಟರೂ ಹಾರುತ್ತದೆ. ಒಮ್ಮೆ ಹಾಗೇ ಆಯಿತು. ಅಡುಗೆಮನೆಯಿಂದ ಒಗ್ಗರಣೆಯ ಘಾಟು ಬಂತು, ಸೀನಿದೆ, ಚಿಪ್ಪು ಹೋಯಿತು. ಶಹಾಬಾದಿ ಕಲ್ಲಿನ ನೆಲದ ಮೇಲೆ ಬೋರಲು ಮಲಗಿ, ಟಾರ್ಚ್ ಅಡ್ಡ ಹಿಡಿದು ಎರಡು ತಾಸು ಹುಡುಕಿದೆ. ಸಿಕ್ಕಿತು ಅಂತ ಖುಷಿಯಿಂದ ಮೈಕ್ರೊಸ್ಕೋಪಿನ ಕೆಳಗೆ ಇಟ್ಟು ನೋಡಿದರೆ ಅದು ಸಾಸಿವೆ ಕಾಳೇ.

ನಾನು ಇಲ್ಲಿನ ಒಂದು ಡಿಗ್ರಿ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಹೇಳುತ್ತೇನೆ. ಬಸವನಹುಳುವಿನ ಹುಚ್ಚು ಹತ್ತಿದ್ದು ಚಿಂಚೋಳಿಯ ಕಾಡಿನಲ್ಲಿ. 2011ರಲ್ಲಿ ಅದು ವನ್ಯಜೀವಿ ಧಾಮ ಆಯಿತು. ಒಣ ಕಾಡು, ತೇಗ, ಕೆಂಪು ಮಣ್ಣು. ಹುಡುಗರನ್ನು ಕರೆದುಕೊಂಡು ಹೋದಾಗ ಹಕ್ಕಿ ಕಾಣಲಿಲ್ಲ, ಮಂಗ ಮಾತ್ರ ಕಂಡಿತು. ಬೇಸರಕ್ಕೆ ಒಂದು ಕಲ್ಲು ಎತ್ತಿ ನೋಡಿದೆ. ಕೆಳಗೆ ಬಿಳಿ ಚಿಪ್ಪುಗಳು, ಬಾಯಿಗೆ ತೆಳು ಪರದೆ ಕಟ್ಟಿಕೊಂಡು ಮಲಗಿದ್ದವು. ಮಳೆ ಬಿದ್ದ ಮೇಲೆ ಎದ್ದು ನಾಲ್ಕು ದಿನ ಓಡಾಡುತ್ತವೆ, ನೆಲ ಒಣಗಿದರೆ ಮತ್ತೆ ನಿದ್ದೆ. ನಮ್ಮ ಕಡೆಯ ಜೀವನಕ್ಕೆ ತಕ್ಕ ಪ್ರಾಣಿ ಅಂತ ಅನ್ನಿಸಿತು.

ಚಿಪ್ಪು ಕಟ್ಟಬೇಕಾದರೆ ಸುಣ್ಣ ಬೇಕು, ತೇವ ಬೇಕು. ಶಹಾಬಾದ, ಸೇಡಂ ಕಡೆ ನೆಲದಲ್ಲಿ ಬರೀ ಸುಣ್ಣದ ಕಲ್ಲೇ ಇದೆ, ಸಿಮೆಂಟ್ ಫ್ಯಾಕ್ಟರಿಗಳು ಅಲ್ಲಿ ಬಂದಿದ್ದೇ ಅದಕ್ಕೆ. ಆದರೆ ತೇವ ಇಲ್ಲ. ಪಶ್ಚಿಮ ಘಟ್ಟದಲ್ಲಿ ಉಲ್ಟಾ. ಮಳೆ ಬೇಕಾದಷ್ಟು, ಮಣ್ಣಿನಲ್ಲಿ ಸುಣ್ಣ ಕಡಿಮೆ, ಹುಳಿ ಜಾಸ್ತಿ. ಅಲ್ಲಿನ ಎಷ್ಟೋ ಹುಳುಗಳ ಚಿಪ್ಪು ಈರುಳ್ಳಿ ಸಿಪ್ಪೆಯಷ್ಟು ತೆಳು. ಆದರೂ ಘಟ್ಟದಲ್ಲಿ ನೆಲದ ಮೇಲಿನ ಬಸವನಹುಳುಗಳ ಜಾತಿ ಸುಮಾರು 270 ಅಂತ ಲೆಕ್ಕ ಇದೆ. ಅದರಲ್ಲಿ ಬಹುಪಾಲು ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. ಕಾರಣ ಕಷ್ಟದ್ದಲ್ಲ. ಗುಡ್ಡದ ತಲೆಯ ಮೇಲೆ ಒಂದು ತುಂಡು ಶೋಲಾ ಕಾಡು, ಸುತ್ತ ಹುಲ್ಲು. ಒಂದೂವರೆ ಮಿಲಿಮೀಟರಿನ ಹುಳುವಿಗೆ ಆ ಹುಲ್ಲು ಸಮುದ್ರ ಇದ್ದ ಹಾಗೆ. ದಾಟಿ ಆಚೆ ಗುಡ್ಡಕ್ಕೆ ಹೋಗಲಾರದು. ಸಾವಿರಾರು ವರ್ಷ ಅಲ್ಲೇ ಇದ್ದು ತನ್ನದೇ ಜಾತಿಯಾಗುತ್ತದೆ.

ನಮ್ಮ ಹುಳು ಚಿಕ್ಕಮಗಳೂರು ಜಿಲ್ಲೆಯ ಅಂಥದ್ದೊಂದು ಕಾಡಿನದು, ಸುಮಾರು 1,400 ಮೀಟರ್ ಎತ್ತರದಲ್ಲಿ. ಗುಡ್ಡದ ಹೆಸರು ಹೇಳುವುದಿಲ್ಲ. ಚಿಪ್ಪು ಕೊಂಡು ಮಾರುವವರು ಇದ್ದಾರೆ, ಕಾಡು ಇರುವುದು ಕೆಲವೇ ಎಕರೆ.

ಅರಣ್ಯ ಇಲಾಖೆಯ ಅನುಮತಿ ಕೈಯಲ್ಲಿ ಇಲ್ಲದೆ ಒಂದು ಎಲೆಯನ್ನೂ ಎತ್ತಬೇಡಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಅನುಮತಿ ಇಲ್ಲದೆ ತಂದ ಹುಳು ಎಷ್ಟು ಹೊಸದಾದರೂ ವಿಜ್ಞಾನ ಪತ್ರಿಕೆಯವರು ಮುಟ್ಟುವುದಿಲ್ಲ.

ಇಷ್ಟು ಸಣ್ಣದನ್ನು ಕಣ್ಣಿಟ್ಟು ಹುಡುಕುವುದು ಆಗದ ಕೆಲಸ. ಎಲೆಗೊಬ್ಬರ ಜರಡಿ ಹಿಡಿಯಬೇಕು. ಮರದ ಬುಡದಲ್ಲಿ, ಬಂಡೆಯ ಸಂದಿನಲ್ಲಿ ಕೊಳೆತ ಎಲೆ, ಅದರ ಕೆಳಗಿನ ಕಪ್ಪು ಪುಡಿ ಮಣ್ಣು, ಇವನ್ನು ಬೊಗಸೆಯಲ್ಲಿ ಎತ್ತಿ ದೊಡ್ಡ ಕಣ್ಣಿನ ಜರಡಿಗೆ ಹಾಕಿ ಕುಟ್ಟುತ್ತೇನೆ. ಕೆಳಗೆ ಬಿದ್ದದ್ದನ್ನು ಬಟ್ಟೆ ಚೀಲಕ್ಕೆ ತುಂಬುತ್ತೇನೆ. ಪ್ಲಾಸ್ಟಿಕ್ ಚೀಲ ಬೇಡ, ಒಳಗೆ ಬೆವರಿ ಬೂಸ್ಟು ಹಿಡಿಯುತ್ತದೆ. ಮೊದಲ ಸಲ ಹೋಗುವಾಗ ಜರಡಿ ಕೊಳ್ಳುವುದು ಮರೆತು ನಮ್ಮವ್ವನ ಜೋಳದ ಹಿಟ್ಟಿನ ಸಾಣಿಗಿಯನ್ನೇ ಚೀಲಕ್ಕೆ ಹಾಕಿಕೊಂಡು ಹೋಗಿದ್ದೆ. ವಾಪಸ್ ತಂದಾಗ ಅವ್ವ ಅದನ್ನು ಮೂಸಿ ನೋಡಿ, "ಇದನ್ನ ಇನ್ನ ನೀನೇ ಇಟ್ಕೋ" ಅಂದಳು. ಈಗಲೂ ಅದೇ ನನ್ನ ಜರಡಿ.

ಜೀವಂತ ಸಿಕ್ಕಿದ್ದನ್ನು ಅಲ್ಲೇ ಬೇರೆ ಮಾಡಬೇಕು. ಕೆಲವನ್ನು 95 ಪರ್ಸೆಂಟ್ ಆಲ್ಕೊಹಾಲ್‌ಗೆ ಹಾಕುತ್ತೇನೆ, ಅದು ಡಿಎನ್‌ಎಗೆ. ಉಳಿದವನ್ನು ಒಂದು ರಾತ್ರಿ ನೀರು ತುಂಬಿದ ಪುಟ್ಟ ಶೀಶೆಯಲ್ಲಿ ಇಟ್ಟು, ಮೈ ಹೊರಗೆ ಚಾಚಿದ ಮೇಲೆ 70 ಪರ್ಸೆಂಟ್‌ಗೆ. ಅದಕ್ಕೂ ಮುಂಚೆ ಒದ್ದೆ ಎಲೆಯ ಮೇಲೆ ಬಿಟ್ಟು ಹತ್ತು ನಿಮಿಷ ನೋಡಬೇಕು. ನಾವು ಶಾಲೆಯಲ್ಲಿ ಚಿತ್ರ ಬರೆದ ಬಸವನಹುಳುವಿಗೆ ನಾಲ್ಕು ಕೊಂಬು, ಉದ್ದ ಕೊಂಬಿನ ತುದಿಯಲ್ಲಿ ಕಣ್ಣು. ಇದಕ್ಕೆ ಎರಡೇ ಕೊಂಬು. ಕಣ್ಣು ಕೊಂಬಿನ ಬುಡದಲ್ಲಿ, ಎರಡು ಕರಿ ಚುಕ್ಕೆ. ಬೆನ್ನ ಮೇಲೆ, ಬಾಲದ ಕಡೆ, ಒಂದು ಮುಚ್ಚಳ ಹೊತ್ತುಕೊಂಡು ಹೋಗುತ್ತದೆ. ಮುಟ್ಟಿದರೆ ಒಳಗೆ ಎಳೆದುಕೊಂಡು ಆ ಮುಚ್ಚಳದಿಂದ ಬಾಗಿಲು ಹಾಕಿಕೊಳ್ಳುತ್ತದೆ. ಮುಚ್ಚಳದ ಹುಳುಗಳ ಕುಲವೇ ಬೇರೆ. ಹೊಲದಲ್ಲಿ ಕಾಣುವ ಬಸವನಹುಳುವಿಗಿಂತ ನೀರಿನ, ಸಮುದ್ರದ ಶಂಖಗಳಿಗೆ ಇವು ಹತ್ತಿರದ ನೆಂಟರು.

ಚೀಲಗಳು ಬಸ್ಸು ಹತ್ತಿ, ರೈಲು ಹತ್ತಿ ಕಲಬುರಗಿಗೆ ಬರುತ್ತವೆ. ಇಲ್ಲಿ ಒಂದು ಲಾಭ ಇದೆ. ಮಲೆನಾಡಿನಲ್ಲಿ ವಾರ ಬಿಟ್ಟರೂ ಒಣಗದ ಎಲೆಪುಡಿ ನಮ್ಮ ಮಾಳಿಗೆಯ ಮೇಲೆ ಒಂದೇ ಮಧ್ಯಾಹ್ನಕ್ಕೆ ಗರಿಗರಿ. ಸಂಡಿಗೆಯ ಪಕ್ಕದಲ್ಲೇ ಹರವುತ್ತೇನೆ. ಒಣಗಿದ ಮೇಲೆ ಮೂರು ಜರಡಿ: ದೊಡ್ಡದು, 2 ಮಿಲಿಮೀಟರಿನದು, ಅರ್ಧ ಮಿಲಿಮೀಟರಿನದು. ಕೊನೆಯ ಎರಡರ ನಡುವೆ ಉಳಿದ ಪುಡಿಯಲ್ಲಿ ನನ್ನ ಹುಳು. ಚಹಾ ಚಮಚದಷ್ಟು ಪುಡಿಯನ್ನು ಬಿಳಿ ತಟ್ಟೆಯಲ್ಲಿ ಹರವಿ, ಒದ್ದೆ ಬ್ರಷ್‌ನ ತುದಿಯಿಂದ ಒಂದೊಂದೇ ಎತ್ತುವುದು. ಅಕ್ಕಿಯಲ್ಲಿ ಕಲ್ಲು ಆರಿಸಿದ ಹಾಗೆ, ಆದರೆ ಅಕ್ಕಿಯೂ ಕಪ್ಪು, ಕಲ್ಲೂ ಕಪ್ಪು. ಒಂದು ಚೀಲಕ್ಕೆ ನಾಲ್ಕು ಭಾನುವಾರ ಬೇಕು.

ಮೊದಲ ಚೀಲದಲ್ಲೇ ನನಗೊಂದು "ಹೊಸ ಜಾತಿ" ಸಿಕ್ಕಿತ್ತು. ಚಪ್ಪಟೆ, ಹೊಳೆಯುವ, ಮೂರೇ ಸುತ್ತಿನ ಚಿಪ್ಪು. ಯಾವ ಚಿತ್ರಕ್ಕೂ ಹೊಂದಲಿಲ್ಲ. ಫೋಟೊ ತೆಗೆದು, ಎರಡು ಪುಟ ಬರೆದು, ಬೆಂಗಳೂರಿನಲ್ಲಿ ಬಸವನಹುಳುಗಳ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದ ಹಿರಿಯರೊಬ್ಬರಿಗೆ ಕಳಿಸಿದೆ. ಹತ್ತು ನಿಮಿಷದಲ್ಲಿ ಉತ್ತರ ಬಂತು: "ಮರಿ." ಅಷ್ಟೇ. ಬೆಳೆದ ಹುಳುವಿನ ಚಿಪ್ಪಿನ ಬಾಯಿಯ ಅಂಚು ದಪ್ಪಗಾಗಿ, ಸ್ವಲ್ಪ ಹೊರಗೆ ಮಡಿಸಿರುತ್ತದೆ. ನನ್ನದರ ಅಂಚು ಬ್ಲೇಡಿನಷ್ಟು ತೆಳು. ಅದು ದಾರಿಬದಿಯಲ್ಲೆಲ್ಲ ಕಾಣುವ ಒಂದು ದೊಡ್ಡ ಜಾತಿಯ ಕೂಸು. ಫೋನ್ ಮಾಡಿದಾಗ ಅವರು ನಗುತ್ತಾ ಒಂದು ಮಾತು ಹೇಳಿದರು. ಹೊಸದು ಅಂತ ಯಾರು ಬೇಕಾದರೂ ಹೇಳಬಹುದು, ಹಳೆಯದು ಅಲ್ಲ ಅಂತ ತೋರಿಸುವುದಕ್ಕೆ ಸಂಬಳ ಕೊಡುತ್ತಾರೆ, ಅದೂ ಕೊಡುವುದಿಲ್ಲ. ಆಮೇಲೆ ಅವರೇ ನನ್ನ ಜೊತೆ ಲೇಖಕರಾದರು.

ಸಾಸಿವೆ ಗಾತ್ರದ ಹುಳು ಬಂದದ್ದು ಐದನೇ ಚೀಲದಿಂದ. ಮುಚ್ಚಳ ನೋಡಿದ ಕೂಡಲೇ ಗುಂಪು ಗೊತ್ತಾಯಿತು: ಸೈಯಾಥೊಪೋಮಾ. ಗ್ರೀಕ್‌ನಲ್ಲಿ ಬಟ್ಟಲು ಮತ್ತು ಮುಚ್ಚಳ ಅಂತ ಎರಡು ಪದ ಸೇರಿ ಆದ ಹೆಸರು. ಬೇರೆ ಎಷ್ಟೋ ಹುಳುಗಳ ಮುಚ್ಚಳ ಉಗುರಿನ ಹಾಗೆ ತೆಳ್ಳಗೆ ಇದ್ದರೆ, ಇದರದ್ದು ಸುಣ್ಣದ್ದು, ಸುರುಳಿ ಸುರುಳಿಯಾಗಿ ಮೇಲೆದ್ದು ನಡುವೆ ತಗ್ಗು ಇರುವ ಪುಟ್ಟ ಬಟ್ಟಲು. ಸುಣ್ಣ ಸಿಗದ ಮಣ್ಣಿನಲ್ಲಿ ಇದ್ದುಕೊಂಡು, ಇದ್ದ ಸುಣ್ಣವನ್ನೆಲ್ಲ ಬಾಗಿಲಿಗೆ ಹಾಕಿ ಕೂತಿದೆ!

ಗುಂಪು ಗೊತ್ತಾಗುವುದು ಸುಲಭ. ಜಾತಿ ಯಾವುದು ಅನ್ನುವುದಕ್ಕೆ ನೂರೈವತ್ತು ವರ್ಷ ಹಿಂದಕ್ಕೆ ಹೋಗಬೇಕು. ದಕ್ಷಿಣ ಭಾರತದ ಈ ಸಣ್ಣ ಹುಳುಗಳಿಗೆ ಹೆಸರಿಟ್ಟವರು ಬಹುತೇಕ ಬ್ರಿಟಿಷ್ ನೌಕರರು. ಬ್ಲಾನ್‌ಫರ್ಡ್ ಅಣ್ಣತಮ್ಮಂದಿರು, ಮದ್ರಾಸ್ ಪ್ರಾಂತದ ಅರಣ್ಯ ಇಲಾಖೆಯಲ್ಲಿದ್ದ ಬೆಡ್ಡೋಮ್, ಕಂಪನಿ ಸರ್ಕಾರದ ಅಧಿಕಾರಿ ಬೆನ್ಸನ್. ಬೆಡ್ಡೋಮ್ 1875ರಲ್ಲಿ ಒಂದೇ ಲೇಖನದಲ್ಲಿ ಮುಚ್ಚಳದ ಹುಳುಗಳ ಹೊಸ ಜಾತಿಗಳ ಒಂದು ದೊಡ್ಡ ಕಂತನ್ನೇ ವಿವರಿಸಿದ. ಬೆನ್ಸನ್‌ನ ಬಗ್ಗೆ ನನಗೆ ಸ್ವಲ್ಪ ಸಿಟ್ಟಿದೆ. ಈಗ ತೋಟ, ಪಪ್ಪಾಯಿ, ಅಡಿಕೆ ಅಂತ ಎಲ್ಲವನ್ನೂ ತಿಂದು ಹಾಕುವ ಆಫ್ರಿಕಾದ ದೈತ್ಯ ಬಸವನಹುಳುವನ್ನು 1847ರಲ್ಲಿ ಮಾರಿಷಸ್‌ನಿಂದ ತಂದು ಕಲ್ಕತ್ತೆಯ ತೋಟದಲ್ಲಿ ಬಿಟ್ಟವನು ಇದೇ ಮಹಾನುಭಾವ. ಬಸವನಹುಳುವಿನ ಮೇಲಿನ ಪ್ರೀತಿ ಅಂದರೆ ಇದು ನೋಡಿ.

ಇವರ ವಿವರಣೆಗಳು ಹೇಗಿವೆ ಅಂದರೆ ನಾಲ್ಕೈದು ಸಾಲು ಲ್ಯಾಟಿನ್, ಕೆಳಗೆ ಒಂದೆರಡು ಸಾಲು ಇಂಗ್ಲಿಷ್, ಜಾಗ ಅಂತ ಒಂದು ಗುಡ್ಡದ ಸಾಲಿನ ಹೆಸರೋ "ದಕ್ಷಿಣ ಕೆನರಾ" ಅಂತಲೋ. ದಕ್ಷಿಣ ಕೆನರಾದಲ್ಲಿ ಎಲ್ಲಿ ಅಂತ ಯಾರನ್ನು ಕೇಳುವುದು? ಚಿತ್ರ ಇದ್ದರೆ ಪುಣ್ಯ. 1908, 1914 ಮತ್ತು 1921ರಲ್ಲಿ ಬಂದ ಬ್ರಿಟಿಷ್ ಇಂಡಿಯಾದ ಪ್ರಾಣಿಸಂಪತ್ತಿನ ಮೂರು ಸಂಪುಟಗಳಲ್ಲಿ ನೆಲದ ಹುಳುಗಳೆಲ್ಲ ಒಟ್ಟಿಗೆ ಸಿಗುತ್ತವೆ. ಮುಚ್ಚಳದವು ಗ್ಯೂಡ್ ಬರೆದ 1921ರ ಸಂಪುಟದಲ್ಲಿ. ಮೊದಲಾಗಿದ್ದರೆ ಇವನ್ನು ನೋಡಲು ದೊಡ್ಡ ಲೈಬ್ರರಿಗೆ ಹೋಗಬೇಕಿತ್ತು. ಈಗ ಬಯೋಡೈವರ್ಸಿಟಿ ಹೆರಿಟೇಜ್ ಲೈಬ್ರರಿ ಅನ್ನುವ ಆನ್‌ಲೈನ್ ಗ್ರಂಥಾಲಯದಲ್ಲಿ ಎಲ್ಲವೂ ಪುಕ್ಕಟೆ. ನಾನು ಪುಟಗಳನ್ನು ಪ್ರಿಂಟ್ ಹಾಕಿಸಿ, ಲ್ಯಾಟಿನ್ ಪದಗಳ ಮೇಲೆ ಪೆನ್ಸಿಲ್‌ನಲ್ಲಿ ಕನ್ನಡ ಬರೆದುಕೊಂಡೆ. ಹೊಕ್ಕುಳು, ಸುತ್ತು, ತುಟಿ, ಹೆಗಲು. ಕನ್ನಡದಲ್ಲಿ ಬರೆದಾಗ ಚಿಪ್ಪು ಕಣ್ಣೆದುರಿಗೆ ಬಂದು ನಿಂತ ಹಾಗಾಗುತ್ತಿತ್ತು. ತಳದಲ್ಲಿ ನಡುವೆ ಇರುವ ತೂತಿಗೆ ಲ್ಯಾಟಿನ್‌ನಲ್ಲೂ ಹೊಕ್ಕುಳು ಅಂತಲೇ ಹೆಸರು, ಗೊತ್ತಾ?

ಪ್ರತಿ ಜಾತಿಗೂ ಒಂದು ಕಾರ್ಡ್ ಮಾಡಿದೆ. ಎತ್ತರ, ಅಗಲ, ಸುತ್ತು ಎಷ್ಟು, ಚಿಪ್ಪಿನ ಮೇಲೆ ಹುರಿಯಂಥ ಗೆರೆಗಳು ಎಷ್ಟು, ಹೊಕ್ಕುಳು ಎಷ್ಟು ಅಗಲ. ಕಾರ್ಡುಗಳನ್ನು ಮಂಚದ ಮೇಲೆ ಇಸ್ಪೀಟಿನ ಹಾಗೆ ಹರಡಿ ಒಂದೊಂದೇ ತೆಗೆದುಹಾಕುವುದು. ಇದಲ್ಲ, ಗೆರೆ ಕಡಿಮೆ. ಇದಲ್ಲ, ಗೋಪುರ ಜಾಸ್ತಿ ಎತ್ತರ. ಕೊನೆಗೆ ಕೈಯಲ್ಲಿ ಉಳಿದದ್ದು ಮೂರು ಕಾರ್ಡು. ಆ ಮೂರಕ್ಕೆ ಹೆಸರಿಡುವಾಗ ಆಧಾರವಾದ ಮೂಲ ಚಿಪ್ಪುಗಳ ಫೋಟೊಗಳಿಗೆ ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಮ್‌ಗೆ ಬರೆದೆವು. ಬೆಡ್ಡೋಮ್‌ನ ಸಂಗ್ರಹ ಇರುವುದು ಅಲ್ಲಿ. ಫೋಟೊ ಬಂದ ದಿನ ಕ್ಲಾಸು ತಪ್ಪಿಸಿದೆ ಅಂತ ಒಪ್ಪಿಕೊಳ್ಳುತ್ತೇನೆ. ಬೆಡ್ಡೋಮ್ ಕೈಯಾರೆ ಎತ್ತಿದ ಚಿಪ್ಪು, ಅವನ ಕಾಲದ ಲೇಬಲ್ಲು, ನನ್ನ ಮೊಬೈಲಿನ ಮೇಲೆ.

ಈಗ ನನ್ನ ದೊಡ್ಡ ಎಡವಟ್ಟಿಗೆ ಬರುತ್ತೇನೆ. ಇದನ್ನು ಲೇಖನದಲ್ಲಿ ಬರೆಯಲಿಲ್ಲ, ಇಲ್ಲಿ ಬರೆಯದೆ ಇರಲಾರೆ.

ಚಿಪ್ಪಿನ ಮೇಲೆ ಮಣ್ಣು ಗಟ್ಟಿಯಾಗಿ ಕೂತಿರುತ್ತದೆ. ಬ್ರಷ್‌ಗೆ ಬಾರದ್ದನ್ನು ಬಿಡಿಸಲು ಅಲ್ಟ್ರಾಸಾನಿಕ್ ಯಂತ್ರ ಬಳಸುತ್ತಾರೆ. ನಮ್ಮಲ್ಲಿ ಅದು ಇರಲಿಲ್ಲ. ಆದರೆ ನಮ್ಮ ಓಣಿಯ ಪತ್ತಾರ ಕಾಕಾನ ಅಂಗಡಿಯಲ್ಲಿ ಇದೆ, ಬಂಗಾರದ ಒಡವೆ ತೊಳೆಯುವುದಕ್ಕೆ. ಆರು ಚಿಪ್ಪು ಪುಟ್ಟ ಗಾಜಿನ ಶೀಶೆಯಲ್ಲಿ ನೀರು ತುಂಬಿ ಹಾಕಿಕೊಂಡು ಹೋದೆ. ಕಾಕಾ ಶೀಶೆಯನ್ನು ಬೆಳಕಿಗೆ ಹಿಡಿದು, ತನ್ನ ಕಣ್ಣಿಗೆ ಭೂತಗನ್ನಡಿ ಏರಿಸಿ, "ಸರ, ಇದರಾಗ ಏನ ಅದ? ನನಗೇನೂ ಕಾಣ್ವಲ್ದು" ಅಂದ. ಕಂಡ ಮೇಲೆ ಅಂಗಡಿಯಲ್ಲಿದ್ದವರನ್ನೆಲ್ಲ ಕರೆದು ತೋರಿಸಿದ. ಒಂದು ನಿಮಿಷ ಯಂತ್ರದಲ್ಲಿ ಇಟ್ಟೆವು. ಹೊರಗೆ ತೆಗೆದಾಗ ಚಿಪ್ಪುಗಳು ಮುತ್ತಿನ ಹಾಗೆ ಹೊಳೆಯುತ್ತಿದ್ದವು. ಕಾಸು ತೆಗೆದುಕೊಳ್ಳಲಿಲ್ಲ.

ಮುಂದಿನ ಮಳೆಗಾಲದಲ್ಲಿ ಅದೇ ಕಾಡಿನ, ಅದೇ ಬಂಡೆಯ ಪಕ್ಕದಿಂದ ಇನ್ನೊಂದು ಚೀಲ ತಂದೆ. ನನ್ನ ಕ್ಲಾಸಿನ ಒಬ್ಬ ಹುಡುಗಿ ಆರಿಸುತ್ತಿದ್ದಳು. ಇದ್ದಕ್ಕಿದ್ದ ಹಾಗೆ, "ಸರ್, ಇದಕ್ಕ ಕೂದಲ ಅವ ನೋಡ್ರಿ" ಅಂದಳು. ಧೂಳಿರಬೇಕು ಅಂದೆ. "ಧೂಳ ಹಿಂಗ ಸಾಲಾಗಿ ಕೂಡ್ತದೇನ್ರಿ?" ನೋಡಿದೆ. ನಿಜ. ಗೆರೆಗಳ ಉದ್ದಕ್ಕೂ ಸಣ್ಣ ಸಣ್ಣ ಕಂದು ಎಳೆಗಳು, ಹಲ್ಲುಜ್ಜುವ ಬ್ರಷ್ಷಿನ ಹಾಗೆ ಸಾಲಾಗಿ ನಿಂತಿದ್ದವು. ಚಿಪ್ಪಿನ ಮೇಲಿನ ತೆಳು ಹೊರಪದರವೇ ಹಾಗೆ ಎಳೆಯಾಗಿ ಬೆಳೆಯುತ್ತದೆ, ಈ ಗುಂಪಿನ ಕೆಲವು ಜಾತಿಗಳಲ್ಲಿ ಇದೆ. ಆದರೆ ನಾನು ಹಿಂದಿನ ವರ್ಷ ಅಳೆದಿಟ್ಟ ಚಿಪ್ಪುಗಳು ನುಣ್ಣಗೆ ಇದ್ದವಲ್ಲ? ಅಂದರೆ ಒಂದೇ ಬಂಡೆಯ ಕೆಳಗೆ ಎರಡು ಜಾತಿ! ಒಂದಲ್ಲ, ಎರಡು ಹೊಸದು!

ಮೂರು ವಾರ ನಾನು ಎರಡು ಜಾತಿಯ ಒಡೆಯನಾಗಿದ್ದೆ. ಹೋಲಿಕೆಯ ಪಟ್ಟಿ ಕೂಡ ಮಾಡಿದೆ. ಪಟ್ಟಿಯೇ ನನ್ನನ್ನು ಹಿಡಿದುಕೊಟ್ಟಿತು. ಎತ್ತರ ಅದೇ, ಅಗಲ ಅದೇ, ಗೆರೆಗಳ ಸಂಖ್ಯೆ ಅದೇ, ಮುಚ್ಚಳ ಅದೇ. ಕೂದಲು ಒಂದು ಬಿಟ್ಟರೆ ಯಾವ ವ್ಯತ್ಯಾಸವೂ ಇಲ್ಲ. ಒಂದು ರಾತ್ರಿ ಊಟಕ್ಕೆ ಕೂತಾಗ ಪತ್ತಾರ ಕಾಕಾನ ಯಂತ್ರ ನೆನಪಾಯಿತು. ರೊಟ್ಟಿ ಗಂಟಲಲ್ಲಿ ನಿಂತಿತು.

ಮರುದಿನ ಕೂದಲಿದ್ದ ಒಂದು ಚಿಪ್ಪಿನ ಫೋಟೊ ತೆಗೆದು, ಮತ್ತೆ ಅಂಗಡಿಗೆ ಹೋದೆ. ಹತ್ತು ಸೆಕೆಂಡು ಇಟ್ಟೆ. ಮನೆಗೆ ಬಂದು ನೋಡಿದರೆ ಬೋಳು. ಎಳೆಗಳು ನಿಂತಿದ್ದ ಜಾಗದಲ್ಲಿ ಮಾತ್ರ ಗೆರೆಯ ಮೇಲೆ ಚುಕ್ಕೆ ಚುಕ್ಕೆ ಗುರುತು. ಹಿಂದಿನ ವರ್ಷದ ಆರು ಚಿಪ್ಪುಗಳನ್ನು ಹೊರತೆಗೆದೆ. ಅವೇ ಚುಕ್ಕೆಗಳು, ಅಷ್ಟೇ ಅಂತರದಲ್ಲಿ. ಎರಡನೇ ಜಾತಿಯನ್ನು ಹುಟ್ಟಿಸಿದ್ದು ನಾನೇ, ಕ್ಷೌರ ಮಾಡಿಸಿ.

ಇದರಿಂದ ಇನ್ನೊಂದು ತಲೆನೋವು ಶುರುವಾಯಿತು. ಸತ್ತ ಹುಳುವಿನ ಚಿಪ್ಪು ಮಳೆ ಬಿಸಿಲಿಗೆ ತಾನೇ ಸವೆದು ಹೊರಪದರ ಕಳೆದುಕೊಳ್ಳುತ್ತದೆ. ಹಾಗಾದರೆ 1875ರ ಸಾಹೇಬರು "ನುಣುಪು" ಅಂತ ಬರೆದದ್ದು ನಿಜವಾಗಿ ನುಣುಪೋ, ಸವೆದದ್ದೋ? ಹಾಗಾಗಿ ಕೂದಲನ್ನು ವ್ಯತ್ಯಾಸದ ಮುಖ್ಯ ಆಧಾರ ಮಾಡುವುದನ್ನು ಬಿಟ್ಟೆವು. ಸವೆಯದೆ ಉಳಿಯುವ ಲಕ್ಷಣಗಳ ಮೇಲೆ ಮಾತ್ರ ನಿಂತೆವು. ಕೊನೆಯ ಸುತ್ತಿನ ಗೆರೆಗಳು, ಹೊಕ್ಕುಳಿನ ಅಗಲ, ಮುಚ್ಚಳದ ಅಂಚು.

ಅಳತೆಯ ಬಗ್ಗೆ ಸ್ವಲ್ಪ ಹೇಳಬೇಕು. ನನ್ನ ಮೈಕ್ರೊಸ್ಕೋಪಿನ ಕಣ್ಣಿನೊಳಗೆ ಒಂದು ಸಣ್ಣ ಸ್ಕೇಲ್ ಇದೆ. ಅದರ ಒಂದು ಗೆರೆ ನಾನು ಬಳಸುವ ವರ್ಧನೆಯಲ್ಲಿ 0.025 ಮಿ.ಮೀ. ಚಿಪ್ಪು ಕೂದಲೆಳೆಯಷ್ಟು ವಾಲಿದರೂ ಎರಡು ಮೂರು ಗೆರೆ ತಪ್ಪುತ್ತದೆ. ಕರಿ ಬಟ್ಟೆಯ ಮೇಲೆ ಚಿಟಿಕೆ ಸಣ್ಣ ಮರಳು ಹಾಕಿ, ಅದರಲ್ಲಿ ಚಿಪ್ಪನ್ನು ನೆಟ್ಟಗೆ ಕೂರಿಸುತ್ತೇನೆ. ಪ್ರತಿ ಚಿಪ್ಪನ್ನು ಮೂರು ಬೇರೆ ಬೇರೆ ದಿನ ಅಳೆದು, ಹಿಂದಿನ ಅಂಕಿ ನೋಡದೆ ಬರೆದೆ. ಸುತ್ತು ಎಣಿಸುವುದಕ್ಕೂ ಕ್ರಮ ಇದೆ. ಮೇಲಿನಿಂದ ನೋಡಿ, ನಟ್ಟನಡುವಿನ ಅರ್ಧಚಂದ್ರ ಎಲ್ಲಿ ಶುರುವಾಗುತ್ತದೋ ಅಲ್ಲಿಂದ ನೇರ ಗೆರೆ ಎಳೆದು, ಆ ಗೆರೆಯನ್ನು ಸುರುಳಿ ಎಷ್ಟು ಸಲ ದಾಟುತ್ತದೆ ಅಂತ ಲೆಕ್ಕ ಹಾಕಬೇಕು. ಉಳಿದದ್ದನ್ನು ಕಾಲು, ಅರ್ಧ, ಮುಕ್ಕಾಲು ಅಂತ ಸೇರಿಸುವುದು. ಇದನ್ನು ಓದಿದರೆ ಅರ್ಥ ಆಗುವುದಿಲ್ಲ, ಚಕ್ಕುಲಿ ಮುಂದಿಟ್ಟುಕೊಂಡು ಮಾಡಿ ನೋಡಿ.

ಮುಚ್ಚಳ ತೆಗೆಯುವುದು ಎಲ್ಲಕ್ಕಿಂತ ನಾಜೂಕು. ಬೆಂಕಿಕಡ್ಡಿಯ ತುದಿಗೆ ಕೀಟಗಳನ್ನು ಚುಚ್ಚುವ ಅತಿ ಸಣ್ಣ ಸೂಜಿ ಅಂಟಿಸಿಕೊಂಡೆ. ಚಿಪ್ಪನ್ನು ನೀರಿನಲ್ಲಿ ನೆನೆಸಿ, ಬಾಯಿಯ ಅಂಚಿನಲ್ಲಿ ಸೂಜಿ ಇಳಿಸಿ, ಉಸಿರು ಹಿಡಿದು ಒಂಚೂರು ಮೀಟಿದರೆ ಬಟ್ಟಲು ಮೇಲೆದ್ದು ಬರುತ್ತದೆ. ಮೊದಲ ಬಟ್ಟಲು ಎದ್ದದ್ದೇ ತಡ ಮಾಯ. ಪ್ಲಾಸ್ಟಿಕ್ ತಟ್ಟೆ ಬಳಸಿದ್ದೆ. ನಮ್ಮ ಬೇಸಿಗೆಯ ಒಣ ಹವೆಯಲ್ಲಿ ಪ್ಲಾಸ್ಟಿಕ್ ಬಾಚಣಿಕೆಗೆ ಕೂದಲು ನಿಗುರುತ್ತದಲ್ಲ, ಅದೇ ಕರೆಂಟು ಮುಚ್ಚಳವನ್ನು ಎಳೆದು ತಟ್ಟೆಯ ಗೋಡೆಗೆ ಅಂಟಿಸಿತ್ತು. ಅಲ್ಲಿಂದ ಬರೀ ಗಾಜಿನ ತಟ್ಟೆ, ಯಾವಾಗಲೂ ಒದ್ದೆ ಬ್ರಷ್. ಚಿಮುಟದಿಂದ ಹಿಡಿದರೆ ಚಿಪ್ಪು ಪುಡಿ.

ಎಲೆಕ್ಟ್ರಾನ್ ಮೈಕ್ರೊಸ್ಕೋಪಿನ ಕೆಲಸ ಬೆಂಗಳೂರಿನಲ್ಲಿ ಆಯಿತು, ನನ್ನ ಕೈ ಅದರಲ್ಲಿ ಕಡಿಮೆ. ಅದಕ್ಕೆ ಚಿಪ್ಪಿನ ಮೇಲೆ ಬಂಗಾರದ ತೆಳು ಲೇಪ ಹಾಕುತ್ತಾರೆ. ಹಾಗೆ ಲೇಪ ಹಾಕಿದ್ದು ಮೂಲ ಮಾದರಿಗೆ ಬೇಡ ಅಂತ ಅದರ ಜೊತೆಯ ಬೇರೆ ಚಿಪ್ಪುಗಳನ್ನು ಕೊಟ್ಟೆವು. ಪತ್ತಾರ ಕಾಕಾಗೆ ಹೇಳಿದಾಗ "ನಮ್ಮ ಹತ್ರನ ಹಾಕ್ಸಿದ್ರ ಆಗ್ತಿತ್ತಲ್ಲ" ಅಂದ.

ಡಿಎನ್‌ಎ ವಿಷಯದಲ್ಲಿ ಎಲ್ಲರಿಗೂ ಒಂದು ತಪ್ಪು ಕಲ್ಪನೆ ಇದೆ. ಮೆಷಿನಿಗೆ ಹಾಕಿದರೆ ಹೊಸದೋ ಹಳೆಯದೋ ಅಂತ ಚೀಟಿ ಬರುತ್ತದೆ ಅಂದುಕೊಳ್ಳುತ್ತಾರೆ. ನಾವು ಸಿಒಐ ಅನ್ನುವ ಜೀನಿನ ಒಂದು ತುಂಡು ಓದಿಸಿದೆವು, ಸುಮಾರು 650 ಅಕ್ಷರ. ಜೀವಿಗಳ ಡಿಎನ್‌ಎ ಮಾಹಿತಿ ಕೂಡಿಡುವ ಜೆನ್‌ಬ್ಯಾಂಕ್‌ನಲ್ಲಿ ಯಾವುದಕ್ಕೂ ಹೊಂದಲಿಲ್ಲ. ನಮ್ಮ ಹುಡುಗರು ಕುಣಿದರು. ಆದರೆ ಈ ಗುಂಪಿನ ಜಾತಿಗಳ ಡಿಎನ್‌ಎ ಅಲ್ಲಿ ಇರುವುದೇ ತೀರಾ ಕಡಿಮೆ. ವೋಟರ್ ಲಿಸ್ಟ್ ಮಾಡದ ಊರಿನಲ್ಲಿ ನನ್ನ ಹೆಸರು ಲಿಸ್ಟಿನಲ್ಲಿ ಇಲ್ಲ ಅಂದರೆ ನಾನು ಹೊಸಬ ಅಂತ ಅರ್ಥವೇ? ಬೆಡ್ಡೋಮ್‌ನ ಒಣ ಚಿಪ್ಪುಗಳ ಜೊತೆ ಹೋಲಿಸಲು ಕೊನೆಗೂ ಚಿಪ್ಪೇ ಬೇಕು. ಡಿಎನ್‌ಎಗಾಗಿ ಎರಡು ಹುಳು ಪೂರ್ತಿ ಖರ್ಚಾದವು. ಈ ಗಾತ್ರದಲ್ಲಿ ಒಂದು ತುಂಡು ಕತ್ತರಿಸಿ ಉಳಿದದ್ದನ್ನು ಇಡುವುದು ಅಂತ ಇರುವುದಿಲ್ಲ.

ಚಿಪ್ಪು ಇಡುವ ಜಾಗದ ಬಗ್ಗೆಯೂ ಎಚ್ಚರ ಬೇಕು. ಮರದ ಕಪಾಟು, ರಟ್ಟಿನ ಡಬ್ಬಿ, ಹತ್ತಿ, ಕಾರ್ಕ್ ಇವೆಲ್ಲ ಸಣ್ಣಗೆ ಹುಳಿಯ ಆವಿ ಬಿಡುತ್ತವೆ. ತೇವವೂ ಸೇರಿದರೆ ಸುಣ್ಣದ ಚಿಪ್ಪಿನ ಮೇಲೆ ಬಿಳಿ ಉಪ್ಪು ಏಳುತ್ತದೆ. ಹೆಸರಾದ ಮ್ಯೂಸಿಯಮ್‌ಗಳಲ್ಲೂ ಇದರಿಂದ ಸಂಗ್ರಹ ಹಾಳಾಗಿದೆ. ಇದಕ್ಕೆ ಬೈನ್ ರೋಗ ಅಂತ ಹೆಸರು, ರೋಗ ಅಲ್ಲದಿದ್ದರೂ. ನನ್ನವು ಗಾಜಿನ ಶೀಶೆಯಲ್ಲಿ, ಸ್ಟೀಲ್ ಟಿಫಿನ್ ಡಬ್ಬಿಯಲ್ಲಿ ಇವೆ. ಫಾರ್ಮಲಿನ್ ಅಂತೂ ಹತ್ತಿರ ತರಬೇಡಿ, ಅದು ಹುಳಿಯಾಗಿ ಚಿಪ್ಪನ್ನೇ ಕರಗಿಸುತ್ತದೆ.

ಒಂದು ಜಾತಿಗೆ ಒಂದೇ ಮೂಲ ಮಾದರಿ, ಹೋಲೊಟೈಪ್. ಮುಂದೆ ನೂರು ವರ್ಷ ಬಿಟ್ಟು ಯಾರಾದರೂ ಇದೇನು ಅಂತ ಕೇಳಿದರೆ ಉತ್ತರ ಹೇಳುವುದು ಆ ಒಂದು ಚಿಪ್ಪು. ನಮ್ಮ ಹತ್ತಿರ ಇದ್ದವುಗಳಲ್ಲಿ ಅತಿ ಚೆಂದದ್ದು ಯಾವುದು ಅಂದರೆ ಸೀನಿನಲ್ಲಿ ಹೋಯಿತಲ್ಲ, ಅದು. ಎರಡನೆಯದನ್ನು ಆರಿಸಿದೆವು, ಕೂದಲಿರುವುದು, ತುಟಿ ಪೂರ್ತಿ ಬಂದದ್ದು, ಮುಚ್ಚಳ ಸಮೇತ. ಇದು ಮನೆಯಲ್ಲಿ ಇಟ್ಟುಕೊಳ್ಳುವ ವಸ್ತು ಅಲ್ಲ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಹೊಸ ಜಾತಿಯ ಮಾದರಿಯನ್ನು ಸರ್ಕಾರ ಗೊತ್ತುಮಾಡಿದ ಭಂಡಾರಕ್ಕೆ ತಿಳಿಸಿ, ಅಲ್ಲಿ ಒಪ್ಪಿಸಬೇಕು. ನಮ್ಮದು ಭಾರತೀಯ ಪ್ರಾಣಿ ಸರ್ವೇಕ್ಷಣಾ ಸಂಸ್ಥೆಗೆ ಹೋಗುತ್ತದೆ. ಕೊರಿಯರ್‌ನಲ್ಲಿ ಕಳಿಸುವ ಧೈರ್ಯ ನನಗಿಲ್ಲ, ಜೇಬಿನಲ್ಲಿ ಇಟ್ಟುಕೊಂಡೇ ಹೋಗುವುದು.

ಹೆಸರಿನ ವಿಷಯಕ್ಕೆ ಮನೆಯಲ್ಲಿ ದೊಡ್ಡ ಚರ್ಚೆ ಆಯಿತು. ಮನೆಯ ಪುಟ್ಟ ಹುಡುಗಿ ತನ್ನ ಹೆಸರೇ ಇಡಬೇಕು ಅಂದಳು. ಸ್ವಂತದ್ದನ್ನೇ ಇಟ್ಟುಕೊಳ್ಳಬಾರದೆಂದು ನಿಯಮದಲ್ಲಿ ಇಲ್ಲ, ಮರ್ಯಾದೆಯಲ್ಲಿ ಇದೆ. ಕಲಬುರಗಿ ಅಂತ ಇಡಲು ನನಗೂ ಆಸೆ. ಆದರೆ ಹುಳು ಕಲಬುರಗಿಯನ್ನು ಕಂಡದ್ದು ಸತ್ತ ಮೇಲೆ. ಕೊನೆಗೆ ಅದರ ಕೂದಲನ್ನು ಹೇಳುವ ಒಂದು ಲ್ಯಾಟಿನ್ ಪದ ಆರಿಸಿದೆವು. ಅಲ್ಲೂ ಒಂದು ಕೊಕ್ಕೆ. ಸೈಯಾಥೊಪೋಮಾ ನಪುಂಸಕ ಲಿಂಗ. ಹಾಗಾಗಿ ಅದರ ಹಿಂದೆ ಬರುವ ವಿಶೇಷಣವೂ ನಪುಂಸಕವೇ ಆಗಬೇಕು. ಹಳೆಯವರು ಮಲಬಾರಿಕಮ್, ವೈನಾಡೆನ್ಸೆ ಅಂತ ಇಟ್ಟದ್ದು ಅದಕ್ಕೇ. "ಹುಳ ಬಂದಳು" ಅಂದರೆ ಹೇಗೆ ಕಿವಿಗೆ ಬಡಿಯುತ್ತದೋ ಹಾಗೆ. ನಮ್ಮ ಮೊದಲ ಕರಡಿನಲ್ಲಿ ಹುಳು "ಬಂದಳು" ಆಗಿತ್ತು, ಬೆಂಗಳೂರಿನ ಹಿರಿಯರು ಕೆಂಪು ಪೆನ್ನಿನಲ್ಲಿ ತಿದ್ದಿದರು.

ಆ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಪತ್ರಿಕೆಯಲ್ಲಿ ವಿವರಣೆ ಸಮೇತ ಅಚ್ಚಾಗುವವರೆಗೆ ಆ ಹೆಸರಿಗೆ ಬೆಲೆ ಇಲ್ಲ. ಬರೀ ಆನ್‌ಲೈನ್ ಪತ್ರಿಕೆಯಾದರೆ ಪ್ರಾಣಿಗಳ ಹೆಸರು ದಾಖಲಿಸುವ ಜೂಬ್ಯಾಂಕ್‌ನಲ್ಲಿ ನೋಂದಣಿ ಕೂಡ ಆಗಿರಬೇಕು, 2012ರಿಂದ ಇದು ನಿಯಮ. ಮೊದಲೇ ಹೊರಬಿದ್ದರೆ ವಿವರಣೆ ಇಲ್ಲದ ಬರಿ ಹೆಸರಾಗಿ ಮುಂದಿನವರಿಗೆ ಗೊಂದಲ. ನಮ್ಮವ್ವನಿಗೆ ಮಾತ್ರ ಹೇಳಿದ್ದೇನೆ. ಅವಳು ಎರಡು ಸಲ ಹೇಳಲು ನೋಡಿ, "ಯಪ್ಪಾ, ಇಷ್ಟ ಸಣ್ಣ ಹುಳಕ್ಕ ಇಷ್ಟುದ್ದ ಹೆಸರು ಇಟ್ರ ಅದನ್ನ ಕರಿಯೋರು ಯಾರು?" ಅಂದಳು.

ಲೇಖನ ಈಗ ಪರಿಶೀಲನೆಯಲ್ಲಿದೆ. ಇಬ್ಬರು ಪರಿಶೀಲಕರು. ಒಬ್ಬರು ಮೂರು ಸಾಲಿನಲ್ಲಿ ಒಪ್ಪಿದ್ದಾರೆ. ಇನ್ನೊಬ್ಬರು ನಾಲ್ಕು ಪುಟ ಬರೆದಿದ್ದಾರೆ. ಅದರಲ್ಲಿ ಬಹಳಷ್ಟು ಅಲ್ಪವಿರಾಮ, ಚಿತ್ರದ ಅಳತೆಪಟ್ಟಿ, ಒಂದು ಕಡೆ ಎತ್ತರ ಅಗಲ ಅದಲುಬದಲು. ಕೊನೆಯ ಪ್ರಶ್ನೆಗೆ ಮಾತ್ರ ಕೂತಲ್ಲಿಂದ ಉತ್ತರ ಹೇಳಲು ಬರುವುದಿಲ್ಲ. ಆ ಎಳೆಗಳು ಹುಳುವಿನದೇ ಅಂತ ಹೇಗೆ ಹೇಳುತ್ತೀರಿ, ಒದ್ದೆ ಕಾಡಿನಲ್ಲಿ ಚಿಪ್ಪಿನ ಮೇಲೆ ಬೆಳೆದ ಬೂಸ್ಟು ಆಗಿರಬಾರದೇಕೆ ಅಂತ ಕೇಳಿದ್ದಾರೆ. ಬೂಸ್ಟು ಹೀಗೆ ಸಾಲಾಗಿ ಬೆಳೆಯುವುದಿಲ್ಲ ಅಂತ ಬರೆಯಬಹುದು. ಆ ಹುಡುಗಿ ಧೂಳಿನ ಬಗ್ಗೆ ಕೇಳಿದ್ದು ಅದನ್ನೇ. ಆದರೆ ಪ್ರಶ್ನೆ ಸರಿಯಾಗಿದೆ. ಜೀವಂತ ಹುಳು ಬೇಕು, ಮರಿಯಿಂದ ಹಿಡಿದು ಬೆಳೆದದ್ದರವರೆಗೆ, ಕೂದಲು ಯಾವ ಸುತ್ತಿನಿಂದ ಶುರುವಾಗುತ್ತದೆ ಅಂತ ಅಲ್ಲೇ ಕೂತು ನೋಡಬೇಕು.

ಅನುಮತಿಯ ಅವಧಿ ಇನ್ನೂ ಇದೆ. ಜುಲೈ ಎರಡನೇ ವಾರ ಹೊರಡುತ್ತಿದ್ದೇವೆ, ನಾನು ಮತ್ತು ಆ ಹುಡುಗಿ, ಜೊತೆಗೆ ಅವರಪ್ಪ. ಮಗಳು ಯಾವ ಹುಳದ ಹಿಂದೆ ಬಿದ್ದಿದ್ದಾಳೆ ಅಂತ ಅವರಿಗೂ ನೋಡಬೇಕಂತೆ. ಸಾಣಿಗಿಯ ಒಂದು ಕಡೆ ತಂತಿ ಬಿಟ್ಟಿತ್ತು, ಪತ್ತಾರ ಕಾಕಾ ಬೆಸುಗೆ ಹಾಕಿಕೊಟ್ಟಿದ್ದಾನೆ. ಉದ್ಯಾನ್ ಎಕ್ಸ್‌ಪ್ರೆಸ್‌ನಲ್ಲಿ ಎರಡು ಟಿಕೆಟ್ ಕನ್ಫರ್ಮ್ ಆಗಿವೆ. ನನ್ನದು ವೇಟಿಂಗ್ ಲಿಸ್ಟ್ 14.